ಬಿಡುಗಡೆಯಾಗದ ಫೋಟೊ

ಮೂರು ವರ್ಷದ ಹಿಂದಿನ ಮಾತು. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಧಾರವಾಡದಿಂದ ಅಕ್ಕನ ಫೋನ್ ಬಂತು. ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದ ಅವಳ ಮಗನ ಫೋನ್ ಬಂದ್ ಆಗಿತ್ತು. ಅಲ್ಲಿ ಆಗ ನಡುರಾತ್ರಿ ದಾಟಿತ್ತು. ಸಂಜೆ ಕಾರಿನಲ್ಲಿ ಪಕ್ಕದ ಊರಿಗೆ ಹೋದವನು ವಾಪಸ್ ಬಂದಿಲ್ಲ, ದಾರಿಯಲ್ಲಿ ಪೊಲೀಸರು ನಿಲ್ಲಿಸಿದ್ದಾರೆಂದು ಒಂದು ಮೆಸೇಜ್ ಬಂದಿತ್ತು ಎಂದಷ್ಟೇ ಅವನ ರೂಮ್‌ಮೇಟ್‌ಗೆ ಗೊತ್ತಿತ್ತು. "ತಮ್ಮಾ, ಅವಾ ಎಲ್ಲಿದಾನ ಅಂತ ಅಷ್ಟ ಹುಡುಕಿ ಹೇಳೋ, ಉಳಿದದ್ದು ಆಮ್ಯಾಲೆ" ಎಂದಳು ಅಕ್ಕ.

ಪುಣೆಯ ಫ್ಲ್ಯಾಟಿನಲ್ಲಿ ಕೂತು, ಹೆಸರೂ ಕೇಳಿರದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ ಒಬ್ಬ ಹುಡುಗನನ್ನು ಹುಡುಕಬೇಕಿತ್ತು. ಸಿಗಲಿಕ್ಕೆ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ.

ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ನಮ್ಮ ಜಿಲ್ಲೆಯಂತೆ ಎನ್ನಬಹುದು, ಆದರೆ ಗಾತ್ರಕ್ಕೆ ಲೆಕ್ಕವಿಲ್ಲ. 2020ರ ಜನಗಣತಿಯಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿ ಜನ ಇದ್ದರೆ ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ ಇದ್ದವರು 64 ಜನ. ಹೆಚ್ಚಿನ ಕಡೆ ಕೌಂಟಿ ಜೈಲು ಶೆರಿಫನ ಕೈಯಲ್ಲಿರುತ್ತದೆ. ಮುಂಬೈಯಲ್ಲಿರುವವರಿಗೆ ಶೆರಿಫ್ ಎಂದರೆ ಗಣ್ಯರೊಬ್ಬರಿಗೆ ಒಂದು ವರ್ಷದ ಮಟ್ಟಿಗೆ ಕೊಡುವ ಗೌರವದ ಹುದ್ದೆ. ಅಲ್ಲಿ ಶೆರಿಫ್ ಜನರಿಂದ ಆಯ್ಕೆಯಾಗಿ ಬರುವ, ಬಂದೂಕು ಹಿಡಿದ ಪೊಲೀಸ್ ಅಧಿಕಾರಿ. ಹಿಡಿದು ತಂದವರ ಬೆರಳಚ್ಚು ತೆಗೆದು, ಫೋಟೊ ಹೊಡೆದು, ಆರೋಪ ಬರೆದುಕೊಳ್ಳುವುದಕ್ಕೆ ಬುಕಿಂಗ್ ಎನ್ನುತ್ತಾರೆ. ಅನೇಕ ಕೌಂಟಿಗಳು ಈ ಪಟ್ಟಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತವೆ: ಹೆಸರು, ವಯಸ್ಸು, ಒಳಗೆ ಬಂದ ಹೊತ್ತು, ಆರೋಪ, ಜಾಮೀನಿನ ಮೊತ್ತ, ಮತ್ತು ಫೋಟೊ.

ಬೂದು ಗೋಡೆಯ ಮುಂದೆ, ಕೆದರಿದ ಕೂದಲಲ್ಲಿ ನಮ್ಮ ಹುಡುಗ ನಿಂತಿದ್ದ. ಆರೋಪ: ಕೋರ್ಟಿಗೆ ಹಾಜರಾಗದಿರುವುದು. ಹಿಂದೊಮ್ಮೆ ಕಾರು ಜೋರಾಗಿ ಓಡಿಸಿದ್ದಕ್ಕೆ ದಂಡದ ಚೀಟಿ ಬಂದಿತ್ತಂತೆ, ಮನೆ ಬದಲಾಯಿಸಿದ ಮೇಲೆ ಕೋರ್ಟಿನ ಕಾಗದ ಹಳೇ ವಿಳಾಸಕ್ಕೆ ಹೋಗಿ ವಾರಂಟ್ ಆಗಿತ್ತು. ಸ್ಕ್ರೀನ್‌ಶಾಟ್ ತೆಗೆದು ಅಕ್ಕನಿಗೆ ಕಳಿಸಿದೆ. ಅವಳು ಆರೋಪ ಓದಲೇ ಇಲ್ಲ. "ಜೀವಂತ ಇದಾನಲಾ, ಸಾಕು" ಎಂದಳು. ಸೋಮವಾರ ಜಡ್ಜ್ ಮುಂದೆ ನಿಲ್ಲಿಸಿದರು, ದಂಡ ಕಟ್ಟಿ ಹೊರಬಂದ. ಆ ಎರಡು ದಿನ, ಬಂಧನದ ಪಟ್ಟಿಯನ್ನು ಬಚ್ಚಿಡದೆ ಲೋಕಕ್ಕೆಲ್ಲ ತೋರಿಸುವ ಆ ವ್ಯವಸ್ಥೆಗೆ ಮನಸ್ಸಿನಲ್ಲೇ ಕೈಮುಗಿದಿದ್ದೆ.

ಅದರ ಹಿಂದೆ ಹಳೆಯ ವಿವೇಕವಿದೆ. ರಾಜ ಕತ್ತಲಲ್ಲಿ ಹಿಡಿದೊಯ್ದು ಯಾರಿಗೂ ಹೇಳದಿದ್ದರೆ ಮನುಷ್ಯ ಇದ್ದೂ ಇಲ್ಲದಂತಾಗುತ್ತಾನೆ. ಹಾಗಾಗಿ ಹಿಡಿದದ್ದನ್ನು ಬರೆದಿಡು, ಕೇಳಿದವರಿಗೆ ತೋರಿಸು ಎಂಬುದು ಆರೋಪಿಯನ್ನು ಕಾಯಲು ಹುಟ್ಟಿದ ನಿಯಮ. 2015ರ ಜುಲೈಯಲ್ಲಿ ಟೆಕ್ಸಾಸಿನ ವಾಲರ್ ಕೌಂಟಿಯಲ್ಲಿ ಸಾಂಡ್ರಾ ಬ್ಲ್ಯಾಂಡ್ ಎಂಬ ಕಪ್ಪು ಹೆಣ್ಣುಮಗಳನ್ನು, ಲೇನ್ ಬದಲಿಸುವಾಗ ಸಿಗ್ನಲ್ ಹಾಕಲಿಲ್ಲವೆಂದು ನಿಲ್ಲಿಸಿ, ಮಾತಿಗೆ ಮಾತು ಬೆಳೆದು ಬಂಧಿಸಿದರು. ಮೂರು ದಿನಕ್ಕೆ ಆಕೆ ಕೌಂಟಿ ಜೈಲಿನ ಕೋಣೆಯಲ್ಲಿ ಹೆಣವಾಗಿದ್ದಳು. ಆತ್ಮಹತ್ಯೆ ಎಂದರು ಅಧಿಕಾರಿಗಳು. ಜನ ನಂಬದೆ ಬುಕಿಂಗ್ ಫೋಟೊವನ್ನೇ ದಿಟ್ಟಿಸಿ, ಇದನ್ನು ತೆಗೆದಾಗ ಆಕೆ ಬದುಕಿದ್ದಳೇ ಎಂದು ಕೇಳಿದರು. ಬದುಕಿದ್ದಳೆಂದು ತೋರಿಸಲು ಜೈಲಿನ ವಿಡಿಯೊವನ್ನು ಹೊರಗೆ ಬಿಡಬೇಕಾಯಿತು. ಎರಡು ವರ್ಷದ ಮೇಲೆ ಆಕೆಯ ಹೆಸರಿನಲ್ಲೇ ಟೆಕ್ಸಾಸಿನಲ್ಲಿ ಕಾಯ್ದೆ ಬಂತು. ದಾಖಲೆ ಮುಚ್ಚಿದ್ದರೆ ಆ ಪ್ರಶ್ನೆ ಕೇಳಲಿಕ್ಕೂ ಆಧಾರವಿರುತ್ತಿರಲಿಲ್ಲ. ಖಾಸಗಿತನದ ಹೆಸರಿನಲ್ಲಿ ಎಲ್ಲವನ್ನೂ ಮುಚ್ಚಿಬಿಡಿ ಎನ್ನುವವರು ಇದನ್ನು ಮರೆಯಬಾರದು.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಅಂದು ಹುಡುಕುವುದನ್ನು ಕಲಿತ ಮೇಲೆ ನಮ್ಮ ಬಳಗದಲ್ಲಿ ನಾನು 'ಅಮೆರಿಕದ್ದು ನೋಡಿ ಹೇಳುವವ' ಎಂದಾಗಿಬಿಟ್ಟೆ. ಮುಂದಿನ ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ಕನ್ನಡದ ಹಿರಿಯರೊಬ್ಬರು ಬಂದರು. ಮಗಳಿಗೆ ಅಮೆರಿಕದ ಸಂಬಂಧ ಬಂದಿತ್ತು. "ಹುಡುಗನ ಹೆಸರು ಕೊಡ್ತೀನ್ರಿ, ಸ್ವಲ್ಪ ನೋಡಿಬಿಡ್ರಿ" ಎಂದರು. ನೋಡಿದೆ. ಬುಕಿಂಗ್ ಫೋಟೊಗಳನ್ನು ಒಟ್ಟುಮಾಡಿಡುವ ಒಂದು ಖಾಸಗಿ ಜಾಲತಾಣದಲ್ಲಿ ಆ ಹುಡುಗನಿದ್ದ. ನಾಲ್ಕು ವರ್ಷ ಹಿಂದಿನದು. ಆರೋಪ 'ಡಿಸಾರ್ಡರ್ಲಿ ಕಾಂಡಕ್ಟ್', ಅಂದರೆ ಸಾರ್ವಜನಿಕವಾಗಿ ಅಸಭ್ಯ ವರ್ತನೆ. ಬೀದಿಯಲ್ಲಿ ಕೂಗಾಡಿದ್ದರಿಂದ ಹಿಡಿದು ಹೊಡೆದಾಟದವರೆಗೆ ಅದರೊಳಗೆ ಏನೂ ಹಿಡಿಸುತ್ತದೆ. "ಒಮ್ಮೆ ಅರೆಸ್ಟ್ ಆಗಿದ್ದಾನ್ರಿ, ಫೋಟೊ ಐತಿ" ಎಂದೆ. ಸಂಬಂಧ ಮುರಿಯಿತು.

ಎರಡು ತಿಂಗಳ ಮೇಲೆ, ಯಾಕೋ ಸಮಾಧಾನವಾಗದೆ, ಅದೇ ಕೌಂಟಿಯ ಕೋರ್ಟ್ ಕ್ಲರ್ಕ್ ಕಚೇರಿಯ ದಾಖಲೆ ತೆಗೆದು ನೋಡಿದೆ. ಐದು ವಾರದಲ್ಲಿ ಕೇಸು ವಜಾ ಆಗಿತ್ತು. ಹಿರಿಯರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ್ಯಾಕ್ರಿ ಆ ಮಾತು" ಎಂದರು.

ನಾನು ಸುಳ್ಳು ಹೇಳಿರಲಿಲ್ಲ. ಬಂಧನ ಆಗಿದ್ದು ನಿಜ, ಫೋಟೊ ಇದ್ದದ್ದೂ ನಿಜ. ಆದರೂ ಒಬ್ಬನಿಗೆ ಅನ್ಯಾಯ ಮಾಡಿದೆನೆಂಬುದು ನನಗೆ ಅಷ್ಟೇ ನಿಜವಾಗಿ ಕಂಡಿತು. ನಿಜವನ್ನೇ ಹೇಳಿ ತಪ್ಪು ಮಾಡುವುದು ಹೇಗೆ ಸಾಧ್ಯ?

ಒಂದು ಕಾರಣ ಕಚೇರಿಗಳಲ್ಲೇ ಇದೆ. ಬಂಧನದ ಸುದ್ದಿ ಶೆರಿಫನ ಬಳಿ, ಕೇಸಿನ ತೀರ್ಮಾನ ಕೋರ್ಟಿನ ಕ್ಲರ್ಕ್ ಬಳಿ. ಕಥೆಯ ಮೊದಲ ಪುಟ ಒಂದು ಕಪಾಟಿನಲ್ಲಿ, ಕೊನೆಯ ಪುಟ ಇನ್ನೊಂದರಲ್ಲಿ. ಮೊದಲ ಪುಟಕ್ಕೆ ಮುಖವಿದೆ, ಕ್ಲಿಕ್ ಮಾಡಿದರೆ ಸಿಗುತ್ತದೆ. ಕೊನೆಯದು ಕೇಸ್ ನಂಬರಿನ ಹಿಂದಿರುವ ಒಣ ಸಾಲು. ಸಣ್ಣ ಕೌಂಟಿಗಳಲ್ಲಿ ಅದಕ್ಕೆ ಫೋನ್ ಮಾಡಬೇಕು, ಇಲ್ಲವೇ ಯಾರನ್ನಾದರೂ ಕಚೇರಿಗೇ ಕಳಿಸಬೇಕು. ಇನ್ನೊಂದು ವಿಚಿತ್ರವಿದೆ. ವಜಾ ಆದ ಕೇಸಿನ ದಾಖಲೆಯನ್ನು ಅಳಿಸುವಂತೆಯೋ ಮುಚ್ಚಿಡುವಂತೆಯೋ ಕೋರ್ಟನ್ನು ಕೇಳಿಕೊಳ್ಳುವ ಅವಕಾಶ ಅನೇಕ ರಾಜ್ಯಗಳಲ್ಲಿದೆ. ಅದು ಮಂಜೂರಾದರೆ ಕೊನೆಯ ಪುಟವೂ ಕಣ್ಣಿಗೆ ಬೀಳುವುದಿಲ್ಲ. ಆದರೆ ಮೊದಲ ಪುಟದ ನಕಲು ಆಗಲೇ ಹತ್ತು ಕಡೆ ಹಬ್ಬಿರುತ್ತದೆ. ಬಿಡುಗಡೆಯ ಸಾಕ್ಷಿ ಅಳಿದು ಬಂಧನದ ಸಾಕ್ಷಿ ಉಳಿಯುತ್ತದೆ.

ಈ ನಕಲುಗಳೇ ವ್ಯಾಪಾರವಾದವು. ಸರ್ಕಾರಿ ಪಟ್ಟಿಯಿಂದ ಫೋಟೊ ಎತ್ತಿಕೊಂಡು ಹಾಕುವುದು, ತೆಗೆಯಬೇಕೆಂದರೆ ದುಡ್ಡು ಕೇಳುವುದು. 2018ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಇಂಥ ಒಂದು ಜಾಲತಾಣದ ಮಾಲೀಕರೆನ್ನಲಾದ ನಾಲ್ವರ ಮೇಲೆ ಸುಲಿಗೆ ಮತ್ತು ಅಕ್ರಮ ಹಣ ವರ್ಗಾವಣೆಯ ಕೇಸು ಹಾಕಿದರು. (ನಾನು ಹೇಳುತ್ತಿರುವುದು ಆರೋಪವನ್ನು ಮಾತ್ರ. ಅವರಿಗೂ ಆ ನ್ಯಾಯ ಸಲ್ಲಬೇಕು.)

ನ್ಯಾಯಾಧೀಶರೂ ಇಲ್ಲಿ ಎಡವಿ ಕಲಿತಿದ್ದಾರೆ. 1996ರಲ್ಲಿ ಡೆಟ್ರಾಯಿಟ್‌ನ ಒಂದು ಪತ್ರಿಕೆ ಹಾಕಿದ ದಾವೆಯಲ್ಲಿ ಆರನೇ ಸರ್ಕಿಟ್‌ನ ಮೇಲ್ಮನವಿ ನ್ಯಾಯಾಲಯ, ವಿಚಾರಣೆ ನಡೆಯುತ್ತಿರುವ ಆರೋಪಿಗೆ ತನ್ನ ಬುಕಿಂಗ್ ಫೋಟೊದ ಮೇಲೆ ಖಾಸಗಿತನದ ಹಕ್ಕಿಲ್ಲ ಎಂದಿತ್ತು. ಇಪ್ಪತ್ತು ವರ್ಷದ ಮೇಲೆ, 2016ರಲ್ಲಿ, ಅದೇ ನ್ಯಾಯಾಲಯದ ಪೂರ್ಣಪೀಠ ಆ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿತು. 1996ರಲ್ಲಿ ಫೋಟೊ ಪತ್ರಿಕೆಯಲ್ಲಿ ಬಂದರೆ ಮರುದಿನ ಅದು ರದ್ದಿ ಕಾಗದ. ಇಂಟರ್‌ನೆಟ್ಟಿನಲ್ಲಿ ಮರುದಿನವೇ ಇಲ್ಲ. 2019ರಲ್ಲಿ ನ್ಯೂಯಾರ್ಕ್ ರಾಜ್ಯ, ಪೊಲೀಸ್ ಕೆಲಸಕ್ಕೆ ಅಗತ್ಯವಿದ್ದರೆ ಹೊರತು ಇಂಥ ಫೋಟೊ ಬಿಡಬಾರದೆಂದು ಕಾನೂನು ತಿದ್ದಿತು. ಬೇರೆ ಅನೇಕ ರಾಜ್ಯಗಳಲ್ಲಿ ಬಾಗಿಲು ಇನ್ನೂ ತೆರೆದೇ ಇದೆ.

ಹಳ್ಳಿಗಾಡಿನ ಕೌಂಟಿಯಲ್ಲಿ ಇದರ ಭಾರ ಬೇರೆಯೇ. ಪುಣೆಯಲ್ಲೋ ದೆಹಲಿಯಲ್ಲೋ ನಮ್ಮನ್ನು ಯಾರೂ ಗುರುತಿಸುವುದಿಲ್ಲ. ಹತ್ತು ಸಾವಿರ ಜನರ ಕೌಂಟಿಯಲ್ಲಿ ಕಿರಾಣಿ ಅಂಗಡಿಯವನು, ಚರ್ಚಿನ ಪಾದ್ರಿ, ಮಗುವಿನ ಟೀಚರ್ ಎಲ್ಲರೂ ಆ ಪಟ್ಟಿ ನೋಡಿರುತ್ತಾರೆ. ನಮ್ಮ ಹಳ್ಳಿಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹಳ್ಳಿಗೆ ಒಂದು ಗುಣವಿತ್ತು: ಹಿಡಿದುಕೊಂಡು ಹೋದದ್ದನ್ನು ನೋಡಿದ ಕಟ್ಟೆಯೇ ಅವನು ಬಿಟ್ಟು ಬಂದದ್ದನ್ನೂ ನೋಡುತ್ತಿತ್ತು. "ಏನೂ ಇರಲಿಲ್ಲಂತ, ಸುಮ್ನ ಒಯ್ದಿದ್ರಂತ" ಎಂಬ ಮಾತೂ ಅದೇ ಕಟ್ಟೆಯ ಮೇಲೆ ಹುಟ್ಟುತ್ತಿತ್ತು. ಫೋಟೊ ಹಾಗೆ ತಿದ್ದಿಕೊಳ್ಳುವುದಿಲ್ಲ.

ನನ್ನ ಮಾತಿಗೆ ಗಟ್ಟಿ ಆಕ್ಷೇಪವೊಂದಿದೆ. ದೂರದೇಶದ ವರನನ್ನು ನಂಬಿ ಮೋಸಹೋದ ಹೆಣ್ಣುಮಕ್ಕಳ ಕಥೆ ನಮಗೆ ಗೊತ್ತಿಲ್ಲವೇ? ಹುಡುಗ ಹೆಂಡತಿಯನ್ನು ಹೊಡೆದು ಜೈಲಿಗೆ ಹೋಗಿದ್ದವನಾಗಿದ್ದರೆ? ಅಪ್ಪನಾದವನಿಗೆ ತಿಳಿಯುವ ಹಕ್ಕಿಲ್ಲವೇ? ಇದೆ. ಇವತ್ತೂ ಯಾರಾದರೂ ಕೇಳಿದರೆ ಹುಡುಕಬೇಡಿ ಎನ್ನುವುದಿಲ್ಲ. ಹುಡುಕುವ ಹಕ್ಕಿನ ಜೊತೆ ಕೊನೆತನಕ ಹುಡುಕುವ ಹೊಣೆಯೂ ಬರುತ್ತದೆ ಎನ್ನುತ್ತೇನೆ. ಕೋರ್ಟಿನಲ್ಲಿ ಏನಾಯಿತು ಎಂದು ನೋಡಬೇಕು. ಅದು ಸಿಗದಿದ್ದರೆ ಆ ಮನುಷ್ಯನನ್ನೇ ಕೇಳಬೇಕು. ನಾನು ಎರಡನ್ನೂ ಮಾಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಸಿಕ್ಕಿದ್ದನ್ನೇ ಪೂರ್ಣ ಸತ್ಯವೆಂದು ಒಪ್ಪಿಸಿದೆ.

ಸರ್ಕಾರದ ಪಾಲಿಗೂ ಒಂದು ಮಾತಿದೆ. ಬಂಧನದ ದಾಖಲೆ ಬಯಲಿನಲ್ಲಿರಬೇಕಾದದ್ದು ನಾವು ಅಧಿಕಾರವನ್ನು ಕಾಯಲಿಕ್ಕೆ: ಯಾರನ್ನು, ಯಾವಾಗ, ಯಾಕೆ ಹಿಡಿದಿರಿ, ಎಲ್ಲಿಟ್ಟಿದ್ದೀರಿ? ಅದೇ ಕಿಟಕಿಯಿಂದ ನಾವು ಶೆರಿಫನನ್ನು ನೋಡುವುದು ಬಿಟ್ಟು ಕೈದಿಯನ್ನು ನೋಡತೊಡಗಿದರೆ, ಅವನನ್ನು ಕಾಯಲು ಮಾಡಿದ ನಿಯಮವೇ ಅವನಿಗೆ ಶಿಕ್ಷೆಯಾಗುತ್ತದೆ, ತೀರ್ಪಿಗೂ ಮೊದಲು. ಫೋಟೊವನ್ನು ಪೂರಾ ಮುಚ್ಚಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಶನಿವಾರ ಅಕ್ಕನಿಗೆ ಜೀವ ಬಂದದ್ದು ಅದರಿಂದಲೇ. ಆದರೆ ಹುಡುಕಿಕೊಂಡು ಬಂದ ತಾಯಿಗೆ ತೋರಿಸುವುದು ಬೇರೆ, ಸಂತೆಯಲ್ಲಿ ನೇತುಹಾಕುವುದು ಬೇರೆ. ಮನುಷ್ಯ ಹೊರಬಂದ ದಿನ ಫೋಟೊವೂ ಇಳಿಯಬೇಕು. ಹೆಸರು ಉಳಿಯುವುದಾದರೆ ಅದರ ಪಕ್ಕದಲ್ಲೇ ಕೇಸಿನ ಕೊನೆಯೂ ಇರಬೇಕು.

ಇದು ದೂರದ ದೇಶದ ತಕರಾರು ಮಾತ್ರವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು, ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದುಕಾಣುವಂತೆ ಪ್ರಕಟಿಸಬೇಕು, ಡಿಜಿಟಲ್ ರೂಪದಲ್ಲೂ ಪ್ರಕಟಿಸಬಹುದು ಎನ್ನುತ್ತದೆ. ಠಾಣೆಯ ಬೋರ್ಡಿನ ಮೇಲಿನ ಸೀಮೆಸುಣ್ಣ ಒರೆಸಿ ಹೋಗುತ್ತದೆ, ಡಿಜಿಟಲ್ ಬೋರ್ಡು ಹೋಗುವುದಿಲ್ಲ. ಆ ಕೌಂಟಿಗಳು ಎದುರಿಸಿದ ಪ್ರಶ್ನೆ ನಮ್ಮ ತಾಲ್ಲೂಕುಗಳಿಗೂ ಬರುತ್ತಿದೆ.

ಅಕ್ಕನ ಮೊಬೈಲಿನಲ್ಲಿ ಮಗನ ಆ ಫೋಟೊ ಇನ್ನೂ ಇದೆ. ಅಳಿಸು ಎಂದು ಅವನು ಎಷ್ಟೋ ಸಲ ಹೇಳಿದ್ದಾನೆ. ಇನ್ನೊಬ್ಬ ಹುಡುಗನ ಫೋಟೊ ಆ ಜಾಲತಾಣದಲ್ಲಿ ಇದೆಯೋ ಇಲ್ಲವೋ, ಮತ್ತೆ ನೋಡುವ ಧೈರ್ಯ ನನಗಾಗಿಲ್ಲ. ಸಂಬಂಧ ಯಾಕೆ ಮುರಿಯಿತೆಂದು ಅವನಿಗೆ ಯಾರಾದರೂ ಹೇಳಿದರೋ ಏನೋ. ನಾನಂತೂ ಹೇಳಿಲ್ಲ.