‘ಆದರೂ’ ಎಂಬ ಒಂದು ಮಾತು

ಹಾಡುಗಾರರ ವಿಷಯದಲ್ಲಿ ಕೇಳುಗರಿಗೆ ಒಂದು ಬಗೆಯ ಹಕ್ಕುದಾರಿಕೆ ಇದೆ. ಒಬ್ಬರ ದನಿಯನ್ನು ಮನೆಯ ರೇಡಿಯೋದಲ್ಲಿ ಇಪ್ಪತ್ತು ಮೂವತ್ತು ವರ್ಷ ಕೇಳಿಬಿಟ್ಟರೆ ಸಾಕು, ಅವರು ಏನನ್ನು ಹೇಗೆ ಹಾಡಬೇಕೆಂದು ತೀರ್ಮಾನಿಸುವ ಅಧಿಕಾರವೂ ನಮ್ಮ ಕೈಗೆ ಬಂತು ಎಂದುಕೊಳ್ಳುತ್ತೇವೆ. ಅವರು ತಮ್ಮ ಎಂದಿನ ಧಾಟಿ ಬಿಟ್ಟು ಬೇರೇನಾದರೂ ಹಾಡಿದರೆ ‘ಇದು ಅವರ ಹಾಡೇ ಅಲ್ಲ’ ಎನ್ನುತ್ತೇವೆ. ಹಾಡು ಚೆನ್ನಾಗಿದ್ದರೆ, ‘ಕ್ಯಾಬರೆ ಹಾಡುವವರಾದರೂ ಗಜಲನ್ನು ಎಷ್ಟು ಚೆನ್ನಾಗಿ ಹಾಡಿದ್ದಾರೆ’ ಎನ್ನುತ್ತೇವೆ. ಈ ಎರಡನೆಯದು ಹೊಗಳಿಕೆಯಂತೆ ಕೇಳಿಸುತ್ತದೆ. ಹೊಗಳಿಕೆಯ ಒಳಗೆ ಕುಳಿತಿರುವ ಆ ‘ಆದರೂ’ ಏನು ಕೆಲಸ ಮಾಡುತ್ತಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದು ನಮಗೆ ಬಹಳ ದಿನಗಳಿಂದ ಅನಿಸಿದೆ.

ಗಜಲಿನ ಮಾತು ಬಂದದ್ದರಿಂದ ಅಲ್ಲಿಂದಲೇ ಹೊರಡೋಣ. 1981ರಲ್ಲಿ ಮುಜಫ್ಫರ್ ಅಲಿಯವರ ‘ಉಮ್ರಾವ್ ಜಾನ್’ ಬಂತು. ಮಿರ್ಜಾ ಹಾದಿ ರುಸ್ವಾ 1899ರಲ್ಲಿ ಪ್ರಕಟಿಸಿದ ಉರ್ದು ಕಾದಂಬರಿಯ ಚಿತ್ರರೂಪ ಅದು. ಲಖ್ನೋದ ಕೋಠಿಯಲ್ಲಿ ಬೆಳೆದ, ತಾನೇ ಶಾಯರಿ ಬರೆಯುವ ತವಾಯಫಳ ಕಥೆ. ಶಹರ್ಯಾರ್ ಅವರ ಗಜಲುಗಳು, ಖಯ್ಯಾಮ್ ಸಾಹೇಬರ ಸಂಗೀತ. ಇಂಥ ಕಥೆಗೆ ಯಾರ ದನಿ ಎಂದು ಆಗ ಹತ್ತು ಜನರನ್ನು ಕೇಳಿದ್ದರೆ ಒಂಬತ್ತು ಜನ ಲತಾ ಎನ್ನುತ್ತಿದ್ದರೇನೋ. 1972ರ ‘ಪಾಕೀಝಾ’ದಲ್ಲಿ ಲತಾ ಹಾಡಿದ ಮೇಲೆ ಕೋಠಿಯ ಹಾಡೆಂದರೆ ಅದೇ ದನಿ ಎಂದಾಗಿತ್ತು. ಖಯ್ಯಾಮ್ ಕರೆದದ್ದು ಆಶಾ ಭೋಂಸ್ಲೆಯವರನ್ನು. 1971ರ ‘ಕಾರವಾನ್’ನಲ್ಲಿ ಹೆಲೆನ್ ಕುಣಿತಕ್ಕೆ ಏದುಸಿರು ಬಿಡುತ್ತಾ ಹಾಡಿದ ಆಶಾ, ಆರ್.ಡಿ. ಬರ್ಮನ್ ಅವರ ತುಂಟ ಹಾಡುಗಳ ಆಶಾ.

ಕರೆದದ್ದು ಮಾತ್ರವಲ್ಲ, ಎಂದಿನ ಶ್ರುತಿಗಿಂತ ಕೆಳಗೆ ಇಳಿದು ಹಾಡಿ ಎಂದರು. ಆಶಾ ಮೊದಲು ಒಪ್ಪಲಿಲ್ಲ. ಹಾಗಾದರೆ ಎರಡು ಶ್ರುತಿಯಲ್ಲೂ ಹಾಡಿ, ಆಮೇಲೆ ಕೇಳಿ ನೋಡೋಣ ಎಂದು ಖಯ್ಯಾಮ್ ರಾಜಿಗೆ ಬಂದರಂತೆ. ಕೆಳಗಿನ ಶ್ರುತಿಯದನ್ನು ಕೇಳಿದ ಮೇಲೆ ಮತ್ತೊಂದನ್ನು ಹಾಡುವ ಮಾತೇ ಬರಲಿಲ್ಲವಂತೆ. ತಾರದಲ್ಲಿ ಮಿಂಚುತ್ತಿದ್ದ ದನಿ ಕೆಳಗಿಳಿದಾಗ ಅದಕ್ಕೊಂದು ತೂಕ ಬಂತು. ಬದುಕಿನಲ್ಲಿ ಬಹಳ ನೋಡಿದ, ಅದನ್ನೆಲ್ಲ ಹೇಳಿಕೊಳ್ಳಲು ಇಷ್ಟವಿಲ್ಲದ ಹೆಂಗಸಿನ ದನಿ ಅದು. ಆಶಾ, ಖಯ್ಯಾಮ್, ಉಮ್ರಾವ್ ಆಗಿ ನಟಿಸಿದ ರೇಖಾ, ಮೂವರಿಗೂ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಎಲ್ಲರೂ ಬೆರಗಾದರು. ಆ ಬೆರಗಿನ ಬಗ್ಗೆಯೇ ನಮಗೆ ಅನುಮಾನ. ಆಶಾಗೆ ಕ್ಯಾಬರೆ ‘ತನ್ನ ಧಾಟಿ’ಯಾದದ್ದು ಹೇಗೆ? ಐವತ್ತರ ದಶಕದ ಮುಂಬಯಿಯಲ್ಲಿ ನಾಯಕಿಯ ಗಂಭೀರ ಹಾಡುಗಳೆಲ್ಲ ಅಕ್ಕನ ಪಾಲಿಗೆ, ಖಳನಾಯಕಿಯ, ಕುಣಿಯುವವಳ ಹಾಡುಗಳು ತಂಗಿಯ ಪಾಲಿಗೆ ಎಂಬ ಒಂದು ಅಲಿಖಿತ ಹಂಚಿಕೆ ನಡೆದಿತ್ತು. ತಂಗಿ ಸಿಕ್ಕಿದ್ದನ್ನು ಹಾಡಿದರು, ಚೆನ್ನಾಗಿಯೇ ಹಾಡಿದರು. ಪೇಟೆಯ ಆ ಹಂಚಿಕೆಯನ್ನೇ ನಾವು ಅವರ ಸ್ವಭಾವ ಎಂದು ಕರೆದೆವು. ಮನೆಯಲ್ಲಿ ಒಬ್ಬಳು ಸೊಸೆಗೆ ಹಿಟ್ಟು ರುಬ್ಬುವ ಕೆಲಸ ಹಚ್ಚಿ, ಇಪ್ಪತ್ತು ವರ್ಷದ ಮೇಲೆ ‘ರುಬ್ಬುವುದೆಂದರೆ ಅವಳಿಗೆ ಪ್ರಾಣ’ ಎಂದು ಹೇಳುತ್ತಾರಲ್ಲ, ಹಾಗೆ.

ಇಷ್ಟೇ ಆಗಿದ್ದರೆ ಇದು ಸಿನಿಮಾ ಪುಟದ ಮಾತಾಗುತ್ತಿತ್ತು. ಇದೇ ‘ಆದರೂ’ ಧರ್ಮದ ಪಕ್ಕದಲ್ಲಿ ಬಂದು ನಿಂತಾಗ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ. ಸೌಹಾರ್ದದ ಸಭೆಗಳಿಗೆ ಹೋದವರಿಗೆಲ್ಲ ಒಂದು ಉದಾಹರಣೆ ಬಾಯಿಪಾಠವಾಗಿದೆ. 1952ರ ‘ಬೈಜೂ ಬಾವ್ರಾ’ ಚಿತ್ರದ ಮಾಲ್‌ಕೌಂಸ್ ರಾಗದ ಭಜನೆ. ಬರೆದವರು ಶಕೀಲ್ ಬದಾಯೂನಿ, ರಾಗ ಕೂಡಿಸಿದವರು ನೌಷಾದ್, ಹಾಡಿದವರು ಮೊಹಮ್ಮದ್ ರಫಿ. ಮೂವರೂ ಮುಸ್ಲಿಮರು, ಆದರೂ ಎಂಥ ಭಜನೆ! ಚಪ್ಪಾಳೆ. ಆ ಚಪ್ಪಾಳೆಯಲ್ಲಿ ನಾವೂ ಕೈಸೇರಿಸಿದ್ದೇವೆ. ಹಾಡು ಅಷ್ಟು ದೊಡ್ಡದು.

ಒಂದು ವಿಷಯ ಗಮನಿಸಿ. ರಫಿ ಸಾಹೇಬರ ಮಟ್ಟಿಗೆ ಆ ಭಜನೆ ಧಾಟಿ ಬಿಟ್ಟು ಹಾಡಿದ್ದು ಅಲ್ಲವೇ ಅಲ್ಲ. ಅವರು ಹಾಡಿದ ಭಜನೆಗಳು ಒಂದೆರಡಲ್ಲ. ಮೆತ್ತಗೆ ಮಾತಾಡುವ, ಕುಡಿತದ ಹತ್ತಿರ ಸುಳಿಯದ ಆ ಮನುಷ್ಯ ನಿಜವಾಗಿ ತನ್ನ ಧಾಟಿ ಬಿಟ್ಟು ಹಾರಿದ್ದು 1961ರ ‘ಜಂಗ್ಲಿ’ಯಲ್ಲಿ. ಶಂಕರ್ ಜೈಕಿಶನ್ ಸಂಗೀತ, ಹಿಮದಲ್ಲಿ ಹೊರಳಾಡುವ ಶಮ್ಮಿ ಕಪೂರ್, ಅದಕ್ಕೆ ತಕ್ಕಂತೆ ಗಂಟಲು ಬಿಚ್ಚಿದ ರಫಿ. (ಆ ಹಾಡಿನ ಹೆಸರಾಂತ ಕೂಗು ಮಾತ್ರ ರಫಿಯದಲ್ಲ, ಪ್ರಯಾಗ್ ರಾಜ್ ಅವರದು. ಕೂಗಿದವರ ಹೆಸರು ಯಾರಿಗೂ ನೆನಪಿಲ್ಲ.) ತೆರೆಯ ಮೇಲಿನ ಕುಡುಕರಿಗೂ ಅವರು ಎಷ್ಟೋ ಸಲ ದನಿ ಕೊಟ್ಟರು. ‘ಕುಡಿಯದವರಾದರೂ ಕುಡುಕನ ಹಾಡು ಹೇಗೆ ಹಾಡಿದರು’ ಎಂದು ಯಾವ ಸಭೆಯಲ್ಲೂ ಯಾರೂ ಕೇಳಿದ್ದು ನಮಗೆ ಗೊತ್ತಿಲ್ಲ. ಅದು ಕಲಾವಿದನ ಕಸುಬು ಎಂದು ಸುಮ್ಮನಿರುತ್ತೇವೆ. ಭಜನೆಗೆ ಬಂದಾಗ ಮಾತ್ರ ಕಸುಬು ಹಿಂದೆ ಸರಿದು ಹೆಸರು ಮುಂದೆ ಬರುತ್ತದೆ.

ಹೆಸರು ಮುಂದೆ ಬಂದರೆ ನಷ್ಟವೇನು ಎಂದು ಕೇಳಬಹುದು. ಹೊಗಳುತ್ತಿದ್ದಾರಲ್ಲ! ನಷ್ಟ ಇರುವುದು ರಫಿಯವರಿಗಲ್ಲ, ಅವರ ನಂತರದವರಿಗೆ. ‘ಆದರೂ’ ಎಂದ ಕೂಡಲೇ ಅದರ ಹಿಂದೆ ಒಂದು ನಿಯಮ ತಾನಾಗಿ ನಿಲ್ಲುತ್ತದೆ: ಸಾಮಾನ್ಯವಾಗಿ ಮುಸ್ಲಿಮನಾದವನು ಇಂಥದ್ದನ್ನು ಮಾಡುವುದಿಲ್ಲ, ಇವರು ಅದಕ್ಕೆ ಹೊರತು. ಹೊರತಾದವರನ್ನು ಹೊಗಳುವಷ್ಟು ಸಲ ಉಳಿದವರನ್ನು ಬೆರಳು ತೋರಿಸದೆ ದೂರಿದಂತಾಗುತ್ತದೆ. ಶಿಶುನಾಳ ಶರೀಫರು, ಬಿಸ್ಮಿಲ್ಲಾ ಖಾನರು, ರಫಿ, ಅಬ್ದುಲ್ ಕಲಾಂ ಎಂದು ವೇದಿಕೆಯಲ್ಲಿ ಪಟ್ಟಿ ಓದುವವರ ಮನಸ್ಸು ಒಳ್ಳೆಯದೇ. ಆದರೆ ಆ ಪಟ್ಟಿ ನಿಧಾನವಾಗಿ ಒಂದು ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗಿಬಿಡುತ್ತದೆ. ಸೈಕಲ್ ಅಂಗಡಿಯ ಹುಡುಗ, ಬೀಡಿ ಸುತ್ತುವ ಹೆಂಗಸು, ಸಂತೆಯಲ್ಲಿ ಹಣ್ಣು ಮಾರುವವನು ಶೆಹನಾಯಿಯನ್ನೂ ಊದಲಾರರು, ಭಜನೆಯನ್ನೂ ಹಾಡಲಾರರು. ಅವರು ನೆರೆಹೊರೆಯವರಾಗಲು ಕಲಾವಿದರಾಗಬೇಕೇ? ಹಾಡಲು ಬಲ್ಲವನೊಬ್ಬ ‘ನನ್ನ ಮನಸ್ಸು ಒಪ್ಪುವುದಿಲ್ಲ, ನಾನು ಇದನ್ನು ಹಾಡಲಾರೆ’ ಎಂದರೆ, ಅವನು ರಫಿಗಿಂತ ಒಂದು ಮೆಟ್ಟಿಲು ಕೆಳಗಿನ ಭಾರತೀಯನೇ?

ಹಾಡಲಾರೆ ಎನ್ನುವವನ ಮಾತನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾವಿಲ್ಲ. ನಂಬಿಕೆಯುಳ್ಳವನಿಗೆ ತನ್ನ ಬಾಯಿಂದ ಯಾವ ಹೆಸರನ್ನು ಕೂಗಿ ಕರೆಯಬೇಕೆಂಬುದು ನಿಜವಾದ ಪ್ರಶ್ನೆ. ನಮ್ಮ ಮೊಹಲ್ಲಾಗಳಲ್ಲಿ ‘ರಫಿ ಸಾಹೇಬರು ಅದೊಂದನ್ನು ಹಾಡದಿದ್ದರೆ ಚೆನ್ನಾಗಿತ್ತು’ ಎನ್ನುವ ಹಿರಿಯರೂ ಇದ್ದಾರೆ. ಅವರಲ್ಲಿ ಹಲವರಿಗೆ ಆ ಹಾಡು ಬಾಯಿಗೆ ಬರುತ್ತದೆ ಎಂಬುದು ಬೇರೆ ಮಾತು. ಅವರಿಗೆ ನಮ್ಮ ಉತ್ತರ ಕಥೆಗಾರನ ಉತ್ತರ. ಚಿತ್ರದಲ್ಲಿ ಆ ಪ್ರಾರ್ಥನೆ ಬೈಜೂವಿನದು. ಕಥೆ ಬರೆಯುವವನು ತನ್ನ ಪಾತ್ರವೊಂದು ದೇವರ ಮುಂದೆ ಅಳುವಾಗ ಆ ಅಳುವನ್ನು ಅರೆಮನಸ್ಸಿನಿಂದ ಬರೆಯಲಾರ; ಬರೆದರೆ ಪಾತ್ರ ಸತ್ತುಹೋಗುತ್ತದೆ. ಹಾಗೆಂದು ಬರೆದು ಮುಗಿಸಿ ಎದ್ದು ನಮಾಜಿಗೆ ಹೋದವನ ನಮಾಜು ಕೆಡುವುದೂ ಇಲ್ಲ. ಕಥೆಗಾರ ಪಾತ್ರಕ್ಕೆ ಕೊಡುವುದು ತನ್ನ ಈಮಾನನ್ನಲ್ಲ, ತನ್ನ ಗಮನವನ್ನು. ಇದನ್ನು ಒಪ್ಪದವರೊಡನೆ ನಾವು ಜಗಳಕ್ಕೆ ನಿಲ್ಲುವುದಿಲ್ಲ.

ನಮ್ಮ ಬರಹಗಾರರಿಗೂ ಈ ‘ಆದರೂ’ ಚೆನ್ನಾಗಿ ಪರಿಚಯ. ಕನ್ನಡದಲ್ಲಿ ಬರೆಯುವ ಮುಸ್ಲಿಮನಿಂದ ತಲಾಖು, ಬುರ್ಖಾ, ಬಡತನ, ಗಲಭೆ ಇವುಗಳ ಕಥೆ ಬಂದರೆ ಅದು ಅವನ ‘ಧಾಟಿ’. ಅವನು ಮಲೆನಾಡಿನ ಒಂದು ಅಗ್ರಹಾರದ ಕಥೆ ಬರೆದರೆ ‘ಸಾಬರಾದರೂ ಎಷ್ಟು ಚೆನ್ನಾಗಿ ಗೊತ್ತು’ ಎಂಬ ಪತ್ರ ಬರುತ್ತದೆ. ಮನೆಯ ಕಡೆಯಿಂದ ಇನ್ನೊಂದು ಮಾತು: ‘ನಮ್ಮವರ ಕಷ್ಟ ಬರೆಯೋದು ಬಿಟ್ಟು ಅದೆಲ್ಲ ಯಾಕಪ್ಪಾ ನಿನಗೆ?’ ಒಬ್ಬರು ಬೆರಗಿನಿಂದ, ಇನ್ನೊಬ್ಬರು ಬೇಸರದಿಂದ, ಇಬ್ಬರೂ ತೋರಿಸುವುದು ಅದೇ ಬೇಲಿಯನ್ನು.

ಈ ಬೇಲಿ ಹಾಕುವ ಕೆಲಸ ಬೇರೆಯವರದ್ದು ಮಾತ್ರ ಎಂದು ನಾವು ನೆಮ್ಮದಿಯಾಗಿರುವಂತಿಲ್ಲ. ಯೂಸುಫ್ ಇಸ್ಲಾಂ ಅವರನ್ನು ನೋಡಿ. ಲಂಡನ್ನಿನಲ್ಲಿ ಸೈಪ್ರಸ್ಸಿನ ಗ್ರೀಕ್ ತಂದೆಗೂ ಸ್ವೀಡನ್ನಿನ ತಾಯಿಗೂ ಹುಟ್ಟಿದವರು. ಎಪ್ಪತ್ತರ ದಶಕದ ಆರಂಭದಲ್ಲಿ ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಲ್ಲಿ, ಗಿಟಾರ್ ಹಿಡಿದು ಮೆಲುದನಿಯಲ್ಲಿ ಹಾಡಿದ ಹಾಡುಗಳಿಂದ ಲೋಕಪ್ರಸಿದ್ಧರಾದರು. ಕಡಲಲ್ಲಿ ಮುಳುಗಿಹೋಗುತ್ತಿದ್ದಾಗ ದೇವರನ್ನು ಕೂಗಿಕೊಂಡದ್ದು, ಅಣ್ಣ ತಂದುಕೊಟ್ಟ ಕುರ್‌ಆನ್ ಅನುವಾದವನ್ನು ಓದಿದ್ದು, ಇವೆಲ್ಲ ಅವರೇ ಹೇಳಿಕೊಂಡ ಸಂಗತಿಗಳು. 1977ರಲ್ಲಿ ಇಸ್ಲಾಂ ಸ್ವೀಕರಿಸಿದರು, 1978ರ ಒಂದು ಆಲ್ಬಮ್ಮಿನ ನಂತರ ಆ ಲೋಕವನ್ನೇ ಬಿಟ್ಟರು. 1983ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಶಾಲೆ ತೆರೆದರು. 1995ರಲ್ಲಿ ಮತ್ತೆ ದನಿ ಕೇಳಿಸಿದಾಗ ಅದು ಪ್ರವಾದಿಯವರ ಜೀವನಚರಿತ್ರೆಯ ಧ್ವನಿಮುದ್ರಿಕೆ: ಹೆಚ್ಚಿನ ಪಾಲು ಮಾತು, ನಡುವೆ ಕೆಲವು ಹಾಡು, ಗಿಟಾರಿಲ್ಲ. ಹಳೆಯ ಅಭಿಮಾನಿಗಳು ‘ನಮ್ಮವನನ್ನು ಕಳೆದುಕೊಂಡೆವು’ ಎಂದರು. ನಮ್ಮವರು ‘ನಮಗೆ ಸಿಕ್ಕಿದ’ ಎಂದರು.

ಸಿಕ್ಕಿದ ಎಂದವರಿಗೆ 2006ರಲ್ಲಿ ಇರಿಸುಮುರಿಸಾಯಿತು. ಮಗ ಮನೆಗೆ ತಂದ ಗಿಟಾರನ್ನು ಕೈಗೆತ್ತಿಕೊಂಡ ಯೂಸುಫ್ ಆ ವರ್ಷ ಸುಮಾರು ಮೂರು ದಶಕದ ಮೇಲೆ ಮತ್ತೆ ಪಾಪ್ ಹಾಡುಗಳ ಆಲ್ಬಮ್ ತಂದರು. ಈಗ ‘ದೀನಿಗೆ ಬಂದವರಾದರೂ ಇದೇನು’ ಎಂಬ ಗೊಣಗಾಟ ನಮ್ಮ ಕಡೆಯಿಂದ. ವಾದ್ಯಗಳ ಬಗ್ಗೆ ಉಲೇಮಾಗಳಲ್ಲಿ ಸಾವಿರ ವರ್ಷಗಳ ಚರ್ಚೆಯಿದೆ. ಇಮಾಂ ಗಝಾಲಿಯವರು ‘ಇಹ್ಯಾ’ದಲ್ಲಿ ಸಮಾ ಕುರಿತು ಒಂದು ಭಾಗವನ್ನೇ ಬರೆದು, ಇಂಪಾದ ದನಿ ತಾನಾಗಿ ಹರಾಮಲ್ಲ, ಕೇಳುವವನ ಎದೆಯಲ್ಲಿ ಇರುವುದನ್ನೇ ಅದು ಕದಡುತ್ತದೆ ಎಂಬ ನಿಲುವಿಗೆ ಬಂದರು, ಅವರೂ ಕುಡುಕರ ಕೂಟದ ತಂತಿವಾದ್ಯಗಳನ್ನು ಒಪ್ಪಲಿಲ್ಲ. ಅದನ್ನು ತೀರ್ಮಾನಿಸುವ ಇಲ್ಮು ನಮ್ಮಲ್ಲಿಲ್ಲ. ಯೂಸುಫ್ ಅವರೇ ತಾನೇಕೆ ಇನ್ನೂ ಗಿಟಾರ್ ಹಿಡಿದಿದ್ದೇನೆ ಎಂದು ವಿವರಿಸಿ 2014ರಲ್ಲಿ ಒಂದು ಪುಸ್ತಕ ಬರೆಯಬೇಕಾಯಿತು. ಒಬ್ಬ ಹಾಡುಗಾರ ಬಿಟ್ಟದ್ದಕ್ಕೂ ಕಾರಣ ಕೊಡಬೇಕು, ಮತ್ತೆ ಹಿಡಿದದ್ದಕ್ಕೂ ಕಾರಣ ಕೊಡಬೇಕು. ಬುಖಾರಿಯ ಮೊದಲ ಹದೀಸೇ ನಿಯ್ಯತ್ತಿನ ಕುರಿತದ್ದು ಎಂದು ಮಕ್ಕಳಿಗೆ ಕಲಿಸುವ ನಾವು, ಇನ್ನೊಬ್ಬನ ನಿಯ್ಯತ್ತಿನ ಲೆಕ್ಕ ಕೇಳುವುದರಲ್ಲಿ ಯಾರಿಗೂ ಕಡಿಮೆಯಿಲ್ಲ.

ಧಾಟಿ ಬಿಟ್ಟು ಹಾಡಿದ್ದೆಲ್ಲ ದೊಡ್ಡದು ಎಂದು ಇದರರ್ಥವಲ್ಲ. ಪೇಟೆ ಯಾವ ಕಡೆ ವಾಲಿತೋ ಆ ಕಡೆಗೆ ವಾಲಿ, ಒಂದು ವರ್ಷ ಖವ್ವಾಲಿ, ಮರುವರ್ಷ ಭಾಂಗ್ಡಾ ಎಂದು ಹಾಡಿದವರೂ ಉಂಟು. ಅಂಥ ಹಾಡು ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗೂ ಬಾಳುವುದಿಲ್ಲ. ಅದನ್ನು ಹಾಡು ಸೊರಗಿದೆ ಎಂದು ಹೇಳಿ ಬಿಟ್ಟರಾಯಿತು. ಹಾಡಿದವನು ಯಾರು, ಯಾಕೆ ಎಂದು ವಿಚಾರಣೆಗೆ ಕರೆಯಬೇಕಾಗಿಲ್ಲ.

ವಿಚಾರಣೆಯೇ ಇಲ್ಲದೆ ಧಾಟಿ ಬಿಟ್ಟು ಹಾಡುವ ಸುಖ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ಡಾ. ರಾಜ್‌ಕುಮಾರ್ ಇದ್ದಾರೆ. ಗುಬ್ಬಿ ಕಂಪನಿಯ ರಂಗಗೀತೆಗಳಲ್ಲಿ ಪಳಗಿದ, ರಾಘವೇಂದ್ರ ಸ್ವಾಮಿಗಳ ಭಕ್ತಿಗೀತೆಗಳನ್ನು ಮನೆಮನೆಗೆ ಮುಟ್ಟಿಸಿದ ಗಂಟಲು ಅದು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ, ಅದೇ ಗಂಟಲು ಪೂರಾ ಇಂಗ್ಲಿಷ್ ಹಾಡೊಂದನ್ನು ಹಾಡಿತು. ಅಂತರ್ಜಾಲ ಬಂದ ಮೇಲೆ ಅದನ್ನು ಕೇಳಿ ನಕ್ಕವರೂ ಇದ್ದಾರೆ, ನಗುತ್ತಲೇ ಗುನುಗಿಕೊಂಡವರೂ ಇದ್ದಾರೆ. ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡಿದ್ದು ಯಾವ ಸಾಮರಸ್ಯದ ಸಂದೇಶಕ್ಕಾಗಿ, ಅದರಿಂದ ಅವರ ಕನ್ನಡತನಕ್ಕೆ ಏನಾಯಿತು ಎಂದು ಯಾರೂ ಗಂಭೀರವಾಗಿ ಕೇಳಲಿಲ್ಲ. ಅವರಿಗೆ ಮೋಜೆನಿಸಿತು, ಹಾಡಿದರು. 1992ರ ‘ಜೀವನ ಚೈತ್ರ’ದಲ್ಲಿ ತೋಡಿ ರಾಗದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದದ್ದೂ ಅದೇ ಮನುಷ್ಯ. ಎರಡೂ ಅವರದೇ ಎಂದು ಕನ್ನಡಿಗರು ಸಲೀಸಾಗಿ ಒಪ್ಪಿಕೊಂಡಿದ್ದಾರೆ.

ರಫಿ ಸಾಹೇಬರಿಗೂ ಇಷ್ಟು ಸಲೀಸು ಸಿಗಬೇಕು. ನೌಷಾದ್ ಕರೆದರು, ರಾಗ ಚೆನ್ನಾಗಿತ್ತು, ಮನಸ್ಸಿಟ್ಟು ಹಾಡಿದರು ಎಂದಷ್ಟೇ ಹೇಳಿ ಆ ಭಜನೆಯನ್ನು ಕೇಳಲು ಸಾಧ್ಯವಾಗಬೇಕು. ಅದು ಆಗದ ಮಾತೇನೂ ಅಲ್ಲ. ರಫಿ ಕನ್ನಡದಲ್ಲೂ ಹಾಡಿದ್ದಾರೆ, 1967ರ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ, ಸತ್ಯಂ ಸಂಗೀತದಲ್ಲಿ. ಉಚ್ಚಾರಣೆ ಅಲ್ಲಲ್ಲಿ ಉತ್ತರದ ಕಡೆಗೆ ಜಾರುತ್ತದೆ. ದುಃಖ ಮಾತ್ರ ಎಲ್ಲೂ ಜಾರುವುದಿಲ್ಲ. ಆ ಹಾಡನ್ನು ಮೊದಲ ಸಲ ಕೇಳುವ ಹುಡುಗರು ಅರ್ಧದಲ್ಲಿ ತಲೆಯೆತ್ತಿ ‘ಇದು ರಫಿನಾ?’ ಎನ್ನುತ್ತಾರೆ. ಹೌದೆಂದರೆ, ಇನ್ನೊಂದು ಸಲ ಹಾಕಿ ಎನ್ನುತ್ತಾರೆ.