ಚಲೋ

ನಮ್ಮ ಕಬ್ಬೂರಿನಲ್ಲಿ ‘ಚಲೋ’ ಎಂಬ ಒಂದು ಮಾತಿದ್ದರೆ ದಿನವೆಲ್ಲ ಸಾಗುತ್ತದೆ. ಮಳೆ ಚಲೋ, ಕಬ್ಬು ಚಲೋ, ಜ್ವರ ಬಿಟ್ಟ ಕೂಸು ಚಲೋ ಆಯಿತು. ಕಳ್ಳನನ್ನು ‘ಚಲೋತ್ನಂಗ ಬಡದ್ರು’ ಎಂದಾಗ ಅದರಲ್ಲಿ ಒಳ್ಳೆಯತನವೇನಿಲ್ಲ, ಏಟಿನ ಜೋರಷ್ಟೇ. ‘ನೀ ಚಲೋ ಇದ್ದಿ ಬಿಡು’ ಎಂದರಂತೂ ಬೈಗುಳವೇ. ಸುಭಾಷಚಂದ್ರರು ‘ದಿಲ್ಲಿ ಚಲೋ’ ಎಂದರೆಂದು ಶಾಲೆಯಲ್ಲಿ ಓದಿದಾಗ, ದಿಲ್ಲಿ ಬಹಳ ಒಳ್ಳೆಯ ಊರಿರಬೇಕೆಂದು ನಾನು ತಿಳಿದಿದ್ದೆ! ಫ್ರೆಂಚರ ‘ಬೋಂ’ ಕೂಡ ಹೀಗೆಯೇ ಅಂತೆ. ರೊಟ್ಟಿಗೂ ಅದೇ, ಮನುಷ್ಯನಿಗೂ ಅದೇ, ಮಾತು ಮುಗಿಸಿ ಏಳುವಾಗಲೂ ಅದೇ.

ಇರಲಿ. ನನಗೆ ತೊಡಕಾದದ್ದು ‘ಚಲೋ ಹೆಣ್ಮಗಳು’ ಎಂಬ ಮಾತು. ಚಲೋ ಎತ್ತು ಎಂದರೆ ಹಾಯುವುದಿಲ್ಲ, ನೊಗ ಕಂಡರೆ ತಾನೇ ಕೊರಳು ಕೊಡುತ್ತದೆ. ಅದರಿಂದ ಒಕ್ಕಲಿಗನಿಗೆ ಚಲೋ. ಎತ್ತನ್ನು ಯಾರು ಕೇಳಿದ್ದಾರೆ? ನಮ್ಮ ಸೋದರತ್ತೆ ಜೀವನವಿಡೀ ಚಲೋ ಹೆಣ್ಮಗಳೆನಿಸಿಕೊಂಡಳು. ಆಕೆಗೆ ಏನು ಬೇಕಾಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ನನಗೆ ಒಂದೂ ನೆನಪಾಗುವುದಿಲ್ಲ.

1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಅದಕ್ಕೂ ಮೊದಲೇ ಮದುವೆಯಾದ ನನ್ನಂಥವರಿಗೆ ಇಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಬೇಲಿ ಕಿತ್ತಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದಾದ ಮೇಲೆ ತಮ್ಮ ಹಕ್ಕು ಬಿಡುಗಡೆ ಪತ್ರ ಹಿಡಿದು ಬಂದ.

"ಅಕ್ಕಾ, ನೀ ಚಲೋ ಹೆಣ್ಮಗಳು. ಸಹಿ ಮಾಡ್ತಿ ಅಂತ ಎಲ್ಲಾರಿಗೂ ಹೇಳೀನಿ."

ಅವನು ಕೆಟ್ಟವನಲ್ಲ. ಆ ಹೊಲದ ಸಾಲ ತೀರಿಸಿದವನು ಅವನೇ, ಅವ್ವನ ಕೊನೆಗಾಲಕ್ಕೆ ನೋಡಿಕೊಂಡವನೂ ಅವನೇ. ಪ್ರತಿವರ್ಷ ಪಂಚಮಿಗೆ ತಪ್ಪದೆ ಕರೆಯಲು ಬರುತ್ತಾನೆ. ಕೇಳಿದ್ದರೆ, ಅವನ ದುಡಿಮೆಯ ಲೆಕ್ಕ ಹಿಡಿದು, ನಾನೇ ಅರ್ಧ ಬಿಟ್ಟುಕೊಡುತ್ತಿದ್ದೆನೇನೋ. ಅವನು ಕೇಳಲಿಲ್ಲ, ಹೊಗಳಿದ. ಹೊಗಳಿದವರಿಗೆ ಇಲ್ಲ ಎನ್ನುವುದು ಎಷ್ಟು ಕಷ್ಟ!

"ಸಹಿ ಮಾಡದಿದ್ರ ನಾ ಚಲೋ ಅಲ್ಲೇನು?" ಎಂದೆ.

ಅವನು ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ. "ಚಹಾ ಚಲೋ ಆಗೇತಿ" ಎಂದ.

ಪತ್ರ ಟ್ರಂಕಿನಲ್ಲಿದೆ. ಇನ್ನೂ ಸಹಿ ಮಾಡಿಲ್ಲ, ಹರಿದೂ ಇಲ್ಲ. ಪಂಚಮಿಗೆ ಹದಿನೈದು ದಿನವಿದೆ.