ಯಂತ್ರದ ಸುಳ್ಳು ಯಾರದು?

ಇಂದಿನ ಮೋಟಾರು ವಾಹನದಲ್ಲಿ ಎಂಜಿನ್ನಿಗೆ ಇಂಧನವನ್ನು ಯಾವಾಗ, ಎಷ್ಟು ಕೊಡಬೇಕೆಂಬುದನ್ನು ನಿಶ್ಚಯಿಸತಕ್ಕುದು ಒಂದು ಸಣ್ಣ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಂತಹ ಪೆಟ್ಟಿಗೆಗಳಿಗೆ ವಿಧಿಗಳನ್ನು ಬರೆಯುವ ತರುಣರು ನಮ್ಮ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇರುವುದರಿಂದ ಈ ವಿಚಾರವು ನಮ್ಮ ಮನೆಯದೇ ಆಗಿದೆ.

೨೦೧೫ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ವಂಚನೆಯು ಬಯಲಾಯಿತು. ಅದರ ಡೀಸೆಲ್ ಕಾರುಗಳ ಪೆಟ್ಟಿಗೆಯು ಚುಕ್ಕಾಣಿಯ ಚಲನೆ, ವೇಗ ಮೊದಲಾದವುಗಳಿಂದ ಪರೀಕ್ಷೆ ನಡೆಯುತ್ತಿದೆಯೆಂದು ಅರಿತು, ಆಗ ಮಾತ್ರ ಹೊಗೆಯನ್ನು ಮಿತಿಯೊಳಗೆ ಇಡುತ್ತಿದ್ದಿತು. ರಸ್ತೆಯಲ್ಲಿಯಾದರೋ ಕೆಲವು ಕಾರುಗಳು ಮಿತಿಯ ೪೦ ಪಾಲಿನವರೆಗೆ ವಿಷವಾಯುವನ್ನು ಉಗುಳಿದುವು. ಇಂತಹ ವಾಹನಗಳು ಲೋಕದಲ್ಲಿ ಸುಮಾರು ೧ ಕೋಟಿ ೧೦ ಲಕ್ಷ.

ಈ ಪಾಪವು ಯಾರದು? ಪೆಟ್ಟಿಗೆಯು ಜಡ. ಬರೆದವನು ‘ಮೇಲಿನವರ ಅಪ್ಪಣೆ’ ಎಂದಾನು; ಮೇಲಿನವನು ‘ಬರೆದ ಕೈ ನನ್ನದಲ್ಲ’ ಎಂದಾನು. ಆಪಸ್ತಂಬ ಧರ್ಮಸೂತ್ರವು ಮಾಡಿಸಿದವನು, ಒಪ್ಪಿದವನು, ಮಾಡಿದವನು—ಈ ಮೂವರನ್ನೂ ಫಲಭಾಗಿಗಳೆಂದೇ ಎಣಿಸುತ್ತದೆ. ೨೦೧೭ರಲ್ಲಿ ಅಮೆರಿಕದ ನ್ಯಾಯಾಲಯವು ಆ ಸಂಸ್ಥೆಯ ಇಂಜಿನಿಯರನೊಬ್ಬನಿಗೆ ೪೦ ತಿಂಗಳು, ಅಧಿಕಾರಿಯೊಬ್ಬನಿಗೆ ೭ ವರ್ಷ ಸೆರೆವಾಸವನ್ನು ವಿಧಿಸಿದುದು ಈ ನ್ಯಾಯಕ್ಕೆ ಅನುಗುಣವೇ ಆಗಿದೆ.

ಪರೀಕ್ಷಕನ ಮುಂದೆ ಒಂದು ನಡತೆ, ಮರೆಯಲ್ಲಿ ಇನ್ನೊಂದು—ಇದನ್ನು ಯಂತ್ರವು ತಾನಾಗಿ ಕಲಿಯಲಿಲ್ಲ. ಮನುಷ್ಯನು ತನ್ನಲ್ಲಿದ್ದುದನ್ನೇ ಅದಕ್ಕೆ ಕಲಿಸಿದನು. ತಾನು ಬರೆಯುವ ಒಂದೊಂದು ಸಾಲೂ ತಾನಿಲ್ಲದೆಡೆಯಲ್ಲಿ ತಾನೇ ಮಾಡುವ ಕರ್ಮವೆಂದು ನಮ್ಮ ತರುಣರು ಭಾವಿಸಬೇಕು. ಅಪ್ಪಣೆಗೆ ‘ಒಲ್ಲೆ’ ಎನ್ನುವುದು ಕಷ್ಟವೇ ಸರಿ. ಆದರೂ ಧರ್ಮವು ನಿಂತಿರುವುದು ಅಲ್ಲಿಯೇ.